ಪ್ಲಾನ್ 200, ಬರೋದು 94: ಮನೆಗೆ ರೂಟರ್ ತಗೊಳೋ ಮುಂಚೆ ನೋಡ್ಬೇಕಾದ್ದು

ನಮ್ಮ ಭಾವ ತುಮಕೂರಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಆದ ತಿಂಗಳಲ್ಲೇ ಫೈಬರ್ ಹಾಕಿಸಿದ್ರು, 200 ಎಂಬಿಪಿಎಸ್ ಪ್ಲಾನು. ಕೆಳಗಡೆ ಹಾಲಲ್ಲಿ ಚೆನ್ನಾಗೇ ಬರ್ತಿತ್ತು, ಮೇಲಿನ ರೂಮಲ್ಲಿ ಮಗಳು ಕ್ಲಾಸ್ ಅಟೆಂಡ್ ಮಾಡೋಕೆ ಕೂತ್ರೆ ಮಾತ್ರ ಟೀಚರ್ ಮುಖ ಕಲ್ಲಾಗಿ ನಿಂತುಬಿಡ್ತಿತ್ತು. ಯಾರೋ ಹೇಳಿದ್ರಂತೆ, ಕಂಪನಿಯವರು ಫ್ರೀ ಕೊಡೋ ಡಬ್ಬಿ ಎಲ್ಲಾ ವೇಸ್ಟು, ಒಳ್ಳೆ ರೂಟರ್ ತಗೊಳಿ ಅಂತ. ಸರಿ, ಆನ್‌ಲೈನಲ್ಲಿ ನಾಲ್ಕು ಆಂಟೆನಾ ಇರೋದೊಂದು ತರಿಸಿ, ಹಳೇ ಡಬ್ಬಿ ಪಕ್ಕದಲ್ಲೇ ಇಟ್ಟು, ವೈರ್ ಚುಚ್ಚಿ, ಆಮೇಲೆ ನಂಗೆ ಫೋನು. "ಏನಪ್ಪಾ ಇದು, ಮೊದ್ಲು 200 ಬರ್ತಿತ್ತು, ಈಗ ಹೊಸದು ಹಾಕಿದ್ಮೇಲೆ 94, ಮೇಲ್ಗಡೆ ಅದೇ ಗೋಳು, ಇವ್ರು ಲೈನ್ ಕಮ್ಮಿ ಮಾಡಿದಾರೆ, ಕಂಪ್ಲೇಂಟ್ ಕೊಡ್ತೀನಿ."

ಬೆಳಿಗ್ಗೆ ಎಷ್ಟು ಬರತ್ತೆ ಅಂದೆ. 94. ರಾತ್ರಿ? 94. ರೂಟರ್ ಪಕ್ಕ ಕೂತು ನೋಡಿ. 93, 94. ಅಲ್ಲಿಗೆ ಅರ್ಥ ಆಗೋಯ್ತು.

ಲೈನ್ ಸಮಸ್ಯೆ ಆಗಿದ್ರೆ ಸ್ಪೀಡು ಕುಣೀತಿತ್ತು, ಒಂದ್ಸಲ 150, ಒಂದ್ಸಲ 40. ಹೀಗೆ ಗೋಡೆಗೆ ಮೊಳೆ ಹೊಡೆದ ಹಾಗೆ 94ಕ್ಕೆ ನಿಂತಿದೆ ಅಂದ್ರೆ ಎಲ್ಲೋ 100 ಎಂಬಿಪಿಎಸ್‌ನ ಪೋರ್ಟ್, ಅಂದ್ರೆ ಕೇಬಲ್ ಚುಚ್ಚೋ ತೂತು, ಇದೆ ಅಂತಾನೇ ಅರ್ಥ. 100ರಲ್ಲಿ ಪ್ರತಿ ಪ್ಯಾಕೆಟ್ ಮೇಲೆ ಅಂಟಿಸೋ ವಿಳಾಸ ಗಿಳಾಸ ಎಲ್ಲಾ ಕಳೆದು ಕೈಗೆ ಸಿಗೋದು 94-95 ಅಷ್ಟೇ. ಹೊಸ ರೂಟರಿನ ಡಬ್ಬದ ತಳದ ಫೋಟೋ ಕಳಿಸಿ ಅಂದೆ. ಮುಂದುಗಡೆ ಬಾಳೆಹಣ್ಣಿನ ಗಾತ್ರದಲ್ಲಿ 1200 ಅಂತ ಬರೆದಿದಾರೆ, ತಳದಲ್ಲಿ ಇರುವೆ ಗಾತ್ರದಲ್ಲಿ ಪೋರ್ಟ್ 10/100 ಅಂತಿದೆ. ಗಾಳೀಲಿ 1200 ಕೊಡೋ ತಾಕತ್ತು ಇದೆ ಅಂತಾರೆ, ಆದ್ರೆ ಒಳಗೆ ಬರೋ ಬಾಗಿಲೇ 100. ಓವರ್‌ಹೆಡ್ ಟ್ಯಾಂಕ್ ಎಷ್ಟು ದೊಡ್ಡದಾದ್ರೇನು, ಏರೋ ಪೈಪು ಅರ್ಧ ಇಂಚಿದ್ರೆ.

ಹಾಗಾಗಿ ರೂಟರ್ ನೋಡೋವಾಗ ನಾನು ಮೊದ್ಲು ನೋಡೋದು ಆಂಟೆನಾ ಅಲ್ಲ, ಪೋರ್ಟು. ವ್ಯಾನ್ ಪೋರ್ಟು, ಅಂದ್ರೆ ಹೊರಗಿನ ಇಂಟರ್ನೆಟ್ ಒಳಗೆ ಬರೋ ತೂತು, ಗಿಗಾಬಿಟ್ ಇರ್ಬೇಕು, ಅಂದ್ರೆ 10/100/1000 ಅಂತ ಬರೆದಿರ್ಬೇಕು. ಒಂದೇ ಕಂಪನಿ, ಒಂದೇ ಎಸಿ1200 ಅನ್ನೋ ಹೆಸರು, ಆದ್ರೂ ಒಂದರಲ್ಲಿ ಇದೆ ಇನ್ನೊಂದರಲ್ಲಿ ಇಲ್ಲ: ಟಿಪಿ-ಲಿಂಕ್‌ನ ಆರ್ಚರ್ ಸಿ50ಯಲ್ಲಿ 100ರ ಪೋರ್ಟು, ಸಿ6ರಲ್ಲಿ ಗಿಗಾಬಿಟ್, ಎರಡೂ ಎಸಿ1200. ನಿಮ್ಮ ಪ್ಲಾನ್ 50-60 ಎಂಬಿಪಿಎಸ್ ಆಗಿದ್ರೆ ಇದೇನೂ ತೊಂದ್ರೆ ಇಲ್ಲ ಬಿಡಿ, 100 ದಾಟಿದ್ರೆ ಮಾತ್ರ ಗಮನಿಸಿ. ಇನ್ನೊಂದು, ಪೋರ್ಟ್ ಸರಿ ಇದ್ರೂ 94ಕ್ಕೇ ನಿಂತಿದ್ರೆ ಕೇಬಲ್ ನೋಡಿ. ಗಿಗಾಬಿಟ್ಟಿಗೆ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು, ಲೈನ್ ಹುಡುಗ ಅವಸರದಲ್ಲಿ ಕ್ರಿಂಪ್ ಮಾಡಿ, ಅಂದ್ರೆ ತುದಿಗೆ ಪ್ಲಗ್ ಒತ್ತಿ, ಉಳಿದ ನಾಲ್ಕರಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲ ಅಂದ್ರೂ ಎರಡೂ ಕಡೆ ಡಬ್ಬಿಗಳು ಸುಮ್ನೆ 100ಕ್ಕೆ ಇಳಿದುಬಿಡ್ತವೆ, ಯಾರಿಗೂ ಹೇಳಲ್ಲ.

ಇನ್ನು ಜನ ಜಾಸ್ತಿ ಗೊಂದಲ ಮಾಡ್ಕೊಳೋ ಜಾಗಕ್ಕೆ ಬರೋಣ. ಮನೇಲಿ ಕಂಪನಿಯವರು ಇಟ್ಟು ಹೋಗಿರೋ ಆ ಬಿಳಿ ಡಬ್ಬಿ ಇದ್ಯಲ್ಲ, ಅದನ್ನ ಎಲ್ರೂ ಮೋಡೆಮ್ ಅಂತಾರೆ, ಕೆಲವರು ರೂಟರ್ ಅಂತಾರೆ, ಅದರ ನಿಜವಾದ ಹೆಸರು ಓಎನ್‌ಟಿ. ಅದರ ಮುಖ್ಯ ಕೆಲಸ ಫೈಬರಲ್ಲಿ ಬರೋ ಬೆಳಕನ್ನ ಕರೆಂಟ್ ಸಿಗ್ನಲ್ ಮಾಡೋದು. ಹಸಿರೋ ನೀಲಿನೋ ಚೌಕ ಮೂತಿಯ ತೆಳ್ಳನೆ ವೈರ್ ಅದಕ್ಕೇ ಹೋಗೋದು. ಬೀದಿ ಕಂಬದಲ್ಲೋ ಎಲ್ಲೋ ಒಂದು ಸ್ಪ್ಲಿಟರ್ ಇರತ್ತೆ, ಒಂದೇ ಎಳೆ 32 ಅಥ್ವಾ 64 ಮನೆಗೆ ಹಂಚಿಕೊಳ್ಳತ್ತೆ, ಎಲ್ರಿಗೂ ಸೇರಿ ಕೆಳಗೆ ಬರೋದು ಸುಮಾರು 2.5 ಜಿಬಿಪಿಎಸ್, ಅಂದ್ರೆ 2500 ಎಂಬಿಪಿಎಸ್. ನಿಮ್ಮ ಪಾಲಿನ ಮಾತು ಯಾವ್ದು ಅಂತ ಆರಿಸಿ ತೆಗೆಯೋ ಕೆಲಸಾನೂ ಓಎನ್‌ಟಿದೇ, ಅದಕ್ಕೇ ಅದು ಕಂಪನಿ ಸಿಸ್ಟಮಲ್ಲಿ ರಿಜಿಸ್ಟರ್ ಆಗಿರ್ಬೇಕು. ಈಗಿನ ಡಬ್ಬಿಗಳಲ್ಲಿ ಓಎನ್‌ಟಿ, ರೂಟರ್, ವೈಫೈ, ಲ್ಯಾಂಡ್‌ಲೈನ್ ಫೋನಿನ ತೂತು ಎಲ್ಲಾ ಒಂದರಲ್ಲೇ ತುಂಬಿರತ್ತೆ, ಗೊಂದಲ ಅಲ್ಲಿಂದಾನೇ ಶುರು.

ಅಂದ್ರೆ ನೀವು ಅಂಗಡೀಲಿ ತರೋ ಮಾಮೂಲಿ ರೂಟರ್ ಆ ಡಬ್ಬಿ ಜಾಗಕ್ಕೆ ಬರಲ್ಲ, ಅದರ ಹಿಂದೆ ಕೂರತ್ತೆ. ಓಎನ್‌ಟಿಯ ಲ್ಯಾನ್ ತೂತಿಂದ (ಮನೆಯೊಳಗೆ ಇಂಟರ್ನೆಟ್ ಕೊಡೋದು) ಹೊಸ ರೂಟರಿನ ವ್ಯಾನ್ ತೂತಿಗೆ ಒಂದು ಕೇಬಲ್. ಫೈಬರ್ ನೇರ ಚುಚ್ಚೋ ರೂಟರೂ ಸಿಗತ್ತೆ, ಎಕ್ಸ್‌ಪಾನ್ ಅಂತ ಬರೆದಿರತ್ತೆ, ನಮ್ಮೂರ ಕಡೆ ಬಿಎಸ್ಎನ್ಎಲ್ ಫೈಬರ್ ಹಾಕೋ ಲೋಕಲ್ ಪಾರ್ಟ್ನರುಗಳು ಸೈರೋಟೆಕ್, ನೆಟ್‌ಲಿಂಕ್ ಅಂತ ಕೊಡ್ತಾರಲ್ಲ ಅವು ಅದೇ ಜಾತಿ. ಅದನ್ನ ಬದಲಾಯಿಸ್ಬೇಕಿದ್ರೆ ಲೈನಿನವರ ಹತ್ರ ಕೇಳಿ ಅವರೇ ಹೊಸದರ ನಂಬರ್ ಸಿಸ್ಟಮಿಗೆ ಹಾಕ್ಬೇಕು, ಸುಮ್ನೆ ತಂದು ಚುಚ್ಚಿದ್ರೆ ಕೆಲಸ ಮಾಡಲ್ಲ. ಇನ್ನೂ ಒಂದು ಜಾತಿ ಇದೆ, ಎಡಿಎಸ್ಎಲ್ ಮೋಡೆಮ್ ರೂಟರ್, ಟೆಲಿಫೋನ್ ವೈರ್ ಚುಚ್ಚೋ ಸಣ್ಣ ತೂತಿರೋದು, ಇದು ಈಗ್ಲೂ ಕೆಲವು ಅಂಗಡಿಗಳಲ್ಲಿ ಧೂಳು ತಿಂತಾ ಕೂತಿರತ್ತೆ, ಕಮ್ಮಿ ರೇಟು ಅಂತ ತಗೊಂಡು ಬರ್ಬೇಡಿ.

ಬೆಂಗ್ಳೂರಲ್ಲಿ ಕಥೆ ಸ್ವಲ್ಪ ಬೇರೆ. ಆಕ್ಟ್ ಥರದ ಇಂಟರ್ನೆಟ್ ಕಂಪನಿಯವರು ತುಂಬಾ ಕಡೆ ಬಿಲ್ಡಿಂಗ್ ತನಕ ಫೈಬರ್ ತಂದು ಅಲ್ಲಿಂದ ಮನೆಗೆ ಮಾಮೂಲಿ ಈಥರ್ನೆಟ್ ಕೇಬಲ್ ಎಳೆದಿರ್ತಾರೆ. ಅಲ್ಲಿ ಓಎನ್‌ಟಿ ತಲೆನೋವೇ ಇಲ್ಲ, ಕೇಬಲ್ ನೇರ ನಿಮ್ಮ ರೂಟರಿನ ವ್ಯಾನಿಗೆ. ಜಿಯೋ ಫೈಬರಲ್ಲಿ ಸಾಮಾನ್ಯವಾಗಿ ಅವರ ಡಬ್ಬಿ ತೆಗೆದು ನಮ್ಮದು ಹಾಕೋಕೆ ಆಗಲ್ಲ, ಹಿಂದೆ ಇಡ್ಬೇಕು. ಏರ್‌ಫೈಬರ್ ಆದ್ರೆ ಟೆರೇಸ್ ಮೇಲಿನ ಯೂನಿಟ್ಟು 5ಜಿ ಹಿಡಿದು ಕೆಳಗೆ ಕೊಡತ್ತೆ, ಅಲ್ಲೂ ನಮ್ಮ ರೂಟರ್ ಬೇಕಂದ್ರೆ ಅವರದ್ದರ ಹಿಂದೇನೇ.

ಹಿಂದೆ ಇಡೋದು ಅಂದ್ನಲ್ಲ, ಅದರಲ್ಲೂ ಮೂರು ರೀತಿ. ಸುಲಭದ್ದು, ಹೊಸ ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕೋದು: ರೂಟಿಂಗ್ ಕೆಲಸ ಎಲ್ಲಾ ಓಎನ್‌ಟಿನೇ ಮಾಡ್ಕೊಳತ್ತೆ, ಹೊಸದು ವೈಫೈ ಮಾತ್ರ ಕೊಡತ್ತೆ. ಹೆಚ್ಚಿನ ಮನೆಗೆ ಇದೇ ಸಾಕು, ನಾನು ಇದನ್ನೇ ಹೇಳೋದು. ಎರಡನೇದು, ಏನೂ ಬದಲಾಯಿಸದೆ ರೂಟರಾಗೇ ಹಾಕೋದು, ಆಗ ಎರಡು ರೂಟರ್ ಒಂದರ ಹಿಂದೆ ಒಂದು ಆಗತ್ತೆ, ಯೂಟ್ಯೂಬಿಗೆ ಏನೂ ಆಗಲ್ಲ, ಕೆಲವು ಗೇಮು, ಮನೆ ಕ್ಯಾಮೆರಾ ಹೊರಗಿಂದ ನೋಡೋದು ಇಂಥದ್ದು ತಕರಾರು ಮಾಡತ್ತೆ. ಮೂರನೇದು ಬ್ರಿಡ್ಜ್ ಮೋಡ್, ಓಎನ್‌ಟಿ ಬೆಳಕು ಬದಲಾಯಿಸೋದು ಬಿಟ್ಟು ಬೇರೇನೂ ಮಾಡಲ್ಲ, ಪಿಪಿಪಿಒಇ ಅಂತಾರಲ್ಲ, ಲೈನಿಗೆ ಲಾಗಿನ್ ಆಗೋದು, ಅದರ ಯೂಸರ್‌ನೇಮು ಪಾಸ್‌ವರ್ಡು ನಿಮ್ಮ ರೂಟರಲ್ಲಿ ಹಾಕ್ಬೇಕು, ವಿಲ್ಯಾನ್ ನಂಬರ್, ಅಂದ್ರೆ ಕಂಪನಿ ಲೈನಿನ ಇಂಟರ್ನೆಟ್ ಭಾಗಕ್ಕೆ ಕೊಟ್ಟಿರೋ ಗುರುತಿನ ಸಂಖ್ಯೆ, ಕೇಳಿ ಇಟ್ಕೊಂಡಿರ್ಬೇಕು. ಇದಕ್ಕೆ ಕೈ ಹಾಕೋ ಮುಂಚೆ ಲ್ಯಾಂಡ್‌ಲೈನ್ ಫೋನ್ ಅದೇ ಡಬ್ಬೀಲಿ ಇದ್ಯಾ ನೋಡ್ಕೊಳಿ, ನಮ್ಮ ಚಿಕ್ಕಪ್ಪನ ಮನೇಲಿ ನಾನೇ ಜಾಣತನ ಮಾಡೋಕೆ ಹೋಗಿ ಫೋನ್ ಸತ್ತು ಎರಡು ದಿನ ಚಿಕ್ಕಮ್ಮನ ಹತ್ರ ಬೈಸ್ಕೊಂಡಿದೀನಿ.

ಹಾಂ, ಓಎನ್‌ಟಿ ಡಬ್ಬೀಲಿ ಲಾಸ್ (LOS) ಅನ್ನೋ ಲೈಟ್ ಕೆಂಪಗೆ ಉರೀತಿದ್ರೆ ಬೆಳಕೇ ಬರ್ತಿಲ್ಲ ಅಂತ, ಎಲ್ಲೋ ಫೈಬರ್ ವೈರ್ ತುಂಡಾಗಿರತ್ತೆ ಇಲ್ಲಾ ಕಳಚಿರತ್ತೆ. ಆಗ ಯಾವ ರೂಟರ್ ತಂದ್ರೂ ಪ್ರಯೋಜನ ಇಲ್ಲ.

ಈಗ ಆ 1200, 1500, 3000 ಅನ್ನೋ ನಂಬರ್ ವಿಷಯ. ಎಸಿ ಅಂದ್ರೆ ವೈಫೈ 5, ಎಎಕ್ಸ್ ಅಂದ್ರೆ ವೈಫೈ 6, ಬಿಇ ಅಂದ್ರೆ ವೈಫೈ 7. ಪಕ್ಕದ ನಂಬರು ಎರಡು ಬ್ಯಾಂಡಿಂದು, ಅಂದ್ರೆ ವೈಫೈ ಓಡಾಡೋ ಎರಡು ರೇಡಿಯೋ ಪಟ್ಟಿಗಳದ್ದು, ಕೂಡಿಸಿದ್ದು. ಎಸಿ1200 ಅಂದ್ರೆ 2.4 ಗಿಗಾಹರ್ಟ್ಸಲ್ಲಿ 300, 5 ಗಿಗಾಹರ್ಟ್ಸಲ್ಲಿ 867, ಕೂಡಿ ರೌಂಡ್ ಮಾಡಿ 1200. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಲ್ಲಿ ಇರತ್ತೆ, ಹಾಗಾಗಿ ಈ ಕೂಡಿಸಿದ ಲೆಕ್ಕ ಯಾರಿಗೂ ಸಿಗಲ್ಲ, ಗಂಡ ಹೆಂಡತಿ ಇಬ್ರ ವಯಸ್ಸು ಸೇರಿಸಿ ನಮ್ಮ ಮನೆಗೆ 75 ವರ್ಷ ಅಂದಂಗೆ. ಆ 867 ಕೂಡ ಕಾಗದದ ಮೇಲಿಂದು. ವೈಫೈಯಲ್ಲಿ ಒಬ್ರು ಮಾತಾಡುವಾಗ ಇನ್ನೊಬ್ರು ಸುಮ್ನಿರ್ಬೇಕು, ಸರದಿ ಕಾಯೋದ್ರಲ್ಲಿ ಒಂದಷ್ಟು ಹೋಗತ್ತೆ, ಪಕ್ಕದಲ್ಲೇ ಕೂತ್ರೂ ಅರ್ಧ ಚಿಲ್ಲರೆ ಸಿಕ್ರೆ ಖುಷಿ ಪಡಿ. ಎಎಕ್ಸ್3000ದಲ್ಲಿ 5 ಗಿಗಾಹರ್ಟ್ಸಿಗೆ 2402 ಅಂತ ಇರತ್ತೆ, ಅದು 160 ಮೆಗಾಹರ್ಟ್ಸ್ ಅಗಲದ ಚಾನೆಲಲ್ಲಿ ಮಾತ್ರ, ಫೋನಿಗೆ 80 ಮಾತ್ರ ಬರತ್ತೆ ಅಂದ್ರೆ ಅದು 1201ಕ್ಕೇ ನಿಲ್ಲತ್ತೆ.

ಅಷ್ಟಕ್ಕೂ ಎಷ್ಟು ಬೇಕು ಹೇಳಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ಸಾಕು ಅಂತ ಅವರೇ ಹೇಳ್ತಾರೆ, ಫುಲ್ ಎಚ್‌ಡಿಗೆ 5. ವಿಡಿಯೋ ಕಾಲು ಮೂರ್ನಾಲ್ಕರಲ್ಲಿ ನಡೆಯತ್ತೆ. ಐದು ಜನರ ಮನೇಲಿ ಎಲ್ರೂ ಒಟ್ಟಿಗೆ ಕೂತು ನೋಡಿದ್ರೂ 100 ತುಂಬೋದು ಕಷ್ಟ. ಸ್ಪೀಡ್ ಸಾಲದೆ ಅಲ್ಲ ಸ್ವಾಮಿ ಟೀಚರ್ ಕಲ್ಲಾಗೋದು, ಸಿಗ್ನಲ್ ರೂಮಿಗೆ ತಲುಪದೆ.

ನಾನು ಇಲ್ಲೀವರೆಗೂ ನೋಡಿದ ಮನೆಗಳಲ್ಲಿ ಹತ್ತಕ್ಕೆ ಏಳೆಂಟರಲ್ಲಿ ತಪ್ಪು ಡಬ್ಬೀದಲ್ಲ, ಡಬ್ಬಿ ಇಟ್ಟ ಜಾಗದ್ದು. ಲೈನ್ ಹುಡುಗನಿಗೆ ಇನ್ನೂ ನಾಲ್ಕು ಮನೆ ಇರತ್ತೆ, ಡ್ರಿಲ್ ಹೊಡೆಯೋಕೆ ಯಾವ ಗೋಡೆ ಹತ್ತಿರನೋ ಅಲ್ಲೇ, ಮೀಟರ್ ಬೋರ್ಡ್ ಪಕ್ಕ, ಇಲ್ಲಾ ಟಿವಿ ಹಿಂದೆ, ಇಲ್ಲಾ ಅಟ್ಟದ ಮೇಲೆ. ಆಮೇಲೆ ನಾವು ಅದನ್ನ ಚೆನ್ನಾಗಿ ಕಾಣಲ್ಲ ಅಂತ ಶೋಕೇಸ್ ಒಳಗೆ ಇಟ್ಟು ಗಣಪತಿ ಮೂರ್ತಿ ಹಿಂದೆ ಮುಚ್ಚಿಡ್ತೀವಿ. ಗೋದ್ರೇಜ್ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಇವು ಯಾವುವೂ ವೈಫೈಗೆ ಆಗಿಬರಲ್ಲ. ಕಬ್ಬಿಣ ವಾಪಸ್ ಹೊಡೆಯತ್ತೆ, ನೀರು ಕುಡಿದುಬಿಡತ್ತೆ.

ಗೋಡೆ ಲೆಕ್ಕ ಇನ್ನೂ ಮುಖ್ಯ. ಮಂಗ್ಳೂರು ಉಡುಪಿ ಕಡೆ ಕೆಂಪುಕಲ್ಲಿನ ಗೋಡೆ, ಮಲೆನಾಡಿನ ಹಳೇ ಮಣ್ಣಿನ ಗೋಡೆ, ಮೈಸೂರು ಕಡೆ ತೊಟ್ಟಿಮನೆಯ ಮೊಳದುದ್ದ ಗೋಡೆ, ಇವುಗಳಲ್ಲಿ 5 ಗಿಗಾಹರ್ಟ್ಸ್ ಎರಡನೇ ಗೋಡೆಗೇ ಉಸಿರು ಬಿಡತ್ತೆ. ಬೆಂಗ್ಳೂರಿನ 30-40 ಸೈಟಿನ ಮನೇಲಿ ಗೋಡೆಗಿಂತ ತಾರಸಿ ತೊಂದ್ರೆ, ಕಾಂಕ್ರೀಟ್ ಒಳಗೆ ಕಬ್ಬಿಣದ ಜಾಲರಿ ಇರತ್ತಲ್ಲ. ಅದೂ ಅಲ್ದೆ ಕಡ್ಡಿ ಥರದ ಆಂಟೆನಾದಿಂದ ಸಿಗ್ನಲ್ ಹೊರಡೋದು ಉದ್ದಿನ ವಡೆ ಆಕಾರದಲ್ಲಿ, ಕಡ್ಡಿ ನೆಟ್ಟಗೆ ನಿಂತಿದ್ರೆ ಸುತ್ತಲೂ ಹರಡತ್ತೆ, ನೇರ ಮೇಲಕ್ಕೆ ಅಲ್ಲಿ ವಡೆಯ ತೂತು. ಅದಕ್ಕೇ ಮೇಲಿನ ಮನೆಗೆ ಬೇಕಂದ್ರೆ ಒಂದು ಆಂಟೆನಾ ಮಲಗಿಸಿ ನೋಡಿ, ಖರ್ಚಿಲ್ಲ. ಆಂಟೆನಾ ನಾಲ್ಕೋ ಎಂಟೋ ಅನ್ನೋದ್ರಿಂದ ದೂರ ಹೆಚ್ಚಾಗಲ್ಲ, ಎಷ್ಟು ಪವರಲ್ಲಿ ಹೊರಗೆ ಬಿಡಬಹುದು ಅನ್ನೋದಕ್ಕೆ ಸರ್ಕಾರದ ಮಿತಿ ಇದೆ, ಎಂಟು ಕಾಲಿನ ಜೇಡದ ಹಾಗಿರೋ ರೂಟರೂ ಅದೇ ಮಿತಿಯೊಳಗೇ ಇರ್ಬೇಕು.

ದುಡ್ಡು ಹಾಕೋ ಮುಂಚೆ ಒಂದ್ಸಲ ಮನೆಯೆಲ್ಲಾ ಓಡಾಡಿ. ಫೋನಿಗೆ ಯಾವ್ದಾದ್ರೂ ಫ್ರೀ ವೈಫೈ ಅನಲೈಸರ್ ಆಪ್ ಹಾಕ್ಕೊಂಡು ಪ್ರತಿ ರೂಮಲ್ಲೂ ಡಿಬಿಎಂ, ಅಂದ್ರೆ ಸಿಗ್ನಲ್ ಬಲದ ಅಳತೆ, ಎಷ್ಟು ಅಂತ ಬರ್ಕೊಳಿ. ಮೈನಸ್ ನಂಬರಲ್ಲಿ ಬರತ್ತೆ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು. ಮೈನಸ್ 50 ಅಂದ್ರೆ ರಾಜಭೋಗ, 67ರ ಒಳಗೆ ಇದ್ರೆ ವಿಡಿಯೋ ಕಾಲಿಗೆ ತೊಂದ್ರೆ ಇಲ್ಲ, 75 ದಾಟಿದ್ರೆ ಎಳೆದಾಟ ಶುರು, 80 ಆಚೆ ಹೋದ್ರೆ ಮೊಬೈಲ್ ಡೇಟಾನೇ ವಾಸಿ. ಪ್ರತಿ 3 ಇಳಿದಾಗ್ಲೂ ಸಿಗ್ನಲ್ ಅರ್ಧ ಆಗತ್ತೆ ಅಂತ ಇಟ್ಕೊಳಿ, ಒಂದು ದಪ್ಪ ಗೋಡೆ ಒಂದೇ ಏಟಿಗೆ ಹತ್ತೋ ಹದಿನೈದೋ ತಿಂದು ಹಾಕಿದ್ರೆ ಏನು ಉಳಿಯತ್ತೆ ನೋಡಿ. ಎಲ್ಲಾ ರೂಮಲ್ಲೂ 67ರೊಳಗೆ ಇದ್ರೆ ಹೊಸ ರೂಟರ್ ಯಾಕೆ ಬೇಕು?

ಡಬ್ಬಿ ಮೂಲೇಲಿದ್ರೆ ಮೊದ್ಲು ಅದನ್ನ ಮನೆ ಮಧ್ಯಕ್ಕೆ ತರೋಕಾಗತ್ತಾ ನೋಡಿ. ಫೈಬರ್ ಹತ್ತಿಪ್ಪತ್ತು ಮೀಟರ್ ಉದ್ದ ಆದ್ರೆ ನಷ್ಟ ಲೆಕ್ಕಕ್ಕೇ ಇಲ್ಲ, ಕಿಲೋಮೀಟರ್‌ಗೇ ಅರ್ಧ ಡಿಬಿ ಕೂಡ ಹೋಗಲ್ಲ, ಉದ್ದದ ಪ್ಯಾಚ್ ಕಾರ್ಡ್, ಅಂದ್ರೆ ಎರಡೂ ತುದಿಗೆ ಮೂತಿ ಇರೋ ಫೈಬರ್ ವೈರ್, ಹಾಕಿಸ್ಬಹುದು. ಚೂಪಾಗಿ ಮಡಚೋದು, ಮೊಳೆಗೆ ಸುತ್ತೋದು ಮಾತ್ರ ಬೇಡ, ಒಳಗಿರೋದು ಗಾಜು.

ಜಾಗ ಬದಲಾಯಿಸಿದ್ರೂ ಆಗ್ಲಿಲ್ಲ, ಡೂಪ್ಲೆಕ್ಸ್ ಮನೆ, ಇಲ್ಲಾ ಉದ್ದದ ವಠಾರದ ಥರ ಮನೆ ಅಂದ್ರೆ ಒಂದು ದೊಡ್ಡ ರೂಟರ್ ಬದ್ಲು ಎರಡು ಸಣ್ಣದು ಬೇಕು. ಇಲ್ಲೇ ಜನ ರಿಪೀಟರ್ ಅಂತ ಗೋಡೆಗೆ ಚುಚ್ಚೋ ಸಣ್ಣ ಡಬ್ಬಿ ತರ್ತಾರೆ. ಅದು ಕೇಳಿಸ್ಕೊಂಡಿದ್ದನ್ನ ಮತ್ತೆ ಕೂಗಿ ಹೇಳೋದು, ಒಂದೇ ಗಾಳೀಲಿ ಎರಡು ಸಲ, ಹಾಗಾಗಿ ಸ್ಪೀಡು ಅರ್ಧ. ಅದನ್ನ ಸಿಗ್ನಲ್ ಇಲ್ದಿರೋ ರೂಮಲ್ಲೇ ಇಟ್ಟು ಬರಲ್ಲ ಅಂತಾರೆ ಬೇರೆ, ಅದಕ್ಕೇ ಕೇಳಿಸ್ದೆ ಇದ್ರೆ ಅದೇನು ಕೂಗತ್ತೆ, ನಡುದಾರೀಲಿ ಇಡ್ಬೇಕು. ಮೆಶ್ ಅಂದ್ರೆ ಇದಕ್ಕಿಂತ ಸುಧಾರಿಸಿದ್ದು, ಎರಡು ಮೂರು ಯೂನಿಟ್ಟು ಒಂದೇ ಹೆಸರಲ್ಲಿ ಕೆಲಸ ಮಾಡ್ತಾ ನೀವು ಓಡಾಡ್ದಂಗೆ ಫೋನನ್ನ ಒಂದರಿಂದ ಒಂದಕ್ಕೆ ದಾಟಿಸತ್ತೆ. ಆದ್ರೆ ಆ ಯೂನಿಟ್ಟುಗಳ ಮಧ್ಯ ವೈರ್ ಇಲ್ಲ ಅಂದ್ರೆ ಅವೂ ಗಾಳೀಲೇ ಮಾತಾಡ್ಕೊಳ್ಬೇಕು, ಗೋಡೆ ಅವಕ್ಕೂ ಗೋಡೇನೇ.

ನನ್ನ ಕೇಳಿದ್ರೆ ಒಂದೇ ಒಂದು ಕ್ಯಾಟ್ 6 ಕೇಬಲ್ ಕೆಳಗಿಂದ ಮೇಲಕ್ಕೆ. ಮನೆ ಕಟ್ಟಿಸ್ತಾ ಇದೀರಾ, ಎಲೆಕ್ಟ್ರಿಷಿಯನ್ ಹತ್ರ ಹೇಳಿ ಪ್ರತಿ ರೂಮಿಗೂ ಒಂದು ಖಾಲಿ ಪೈಪ್ ಬಿಡಿಸಿ, ಕರೆಂಟ್ ಪೈಪಿಂದ ಬೇರೆ. ನೂರು ಮೀಟರ್ ತನಕ ಗಿಗಾಬಿಟ್ ಹೊರತ್ತೆ ಆ ಕೇಬಲ್ಲು, ಮಳೆ ಬರ್ಲಿ ಪಕ್ಕದ್ಮನೆಯವರು ಹೊಸ ವೈಫೈ ಹಾಕಿಸ್ಲಿ ಅದಕ್ಕೇನೂ ಆಗಲ್ಲ. ಮೇಲಿನ ತುದಿಗೆ ಹಳೇ ರೂಟರ್ ಯಾವ್ದಾದ್ರೂ ಸರಿ, ಡಿಎಚ್‌ಸಿಪಿ (ಫೋನು ಟಿವಿಗಳಿಗೆ ಐಪಿ ವಿಳಾಸ ಹಂಚೋ ಕೆಲಸ) ಆಫ್ ಮಾಡಿ, ಅದರ ಐಪಿ ವಿಳಾಸ ಕೆಳಗಿನದ್ದಕ್ಕೆ ಗುದ್ದಾಡ್ದಂಗೆ ಬದಲಾಯಿಸಿ, ಲ್ಯಾನಿಂದ ಲ್ಯಾನಿಗೆ ಚುಚ್ಚಿ, ಅದೇ ವೈಫೈ ಹೆಸರು ಅದೇ ಪಾಸ್‌ವರ್ಡ್ ಕೊಟ್ರೆ ಆಯ್ತು.

ಅಪಾರ್ಟ್‌ಮೆಂಟಿನವರಿಗೆ ಗೋಡೆಗಿಂತ ಪಕ್ಕದ್ಮನೆಯವರೇ ಸಮಸ್ಯೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅನಲೈಸರ್ ತೆಗೆದ್ರೆ ಮೂವತ್ತು ಮನೆ ವೈಫೈ ಆ ಮೂರರಲ್ಲೇ ತುರುಕಿಕೊಂಡಿರತ್ತೆ. ಅಲ್ಲಿ 5 ಗಿಗಾಹರ್ಟ್ಸ್ ಇಲ್ಲದ ಡಬ್ಬಿ ಇಟ್ಕೊಂಡಿರೋದು ಶಿಕ್ಷೆ, ಕಂಪನಿ ಕೊಟ್ಟಿದ್ದು ಸಿಂಗಲ್ ಬ್ಯಾಂಡ್ ಆಗಿದ್ರೆ ಅದೊಂದು ಕಾರಣಕ್ಕೇ ಬದಲಾಯಿಸಬಹುದು. 5ರಲ್ಲಿ ಜಾಗ ಜಾಸ್ತಿ, 2018ರ ಅಕ್ಟೋಬರಲ್ಲಿ ಸರ್ಕಾರ ಇನ್ನಷ್ಟು ಚಾನೆಲುಗಳನ್ನ ಲೈಸೆನ್ಸ್ ಇಲ್ದೆ ಬಳಸಿ ಅಂತ ಬಿಟ್ಟುಕೊಡ್ತು. ವೈಫೈ 6ರ ಲಾಭ ಗೊತ್ತಾಗೋದೂ ಇಂಥ ಕಡೇನೇ. ಪಂಕ್ತಿ ಊಟದಲ್ಲಿ ಬಡಿಸೋನು ಒಂದೊಂದು ಎಲೆಗೆ ಅನ್ನ ಹಾಕಿ ಅಡುಗೆಮನೆಗೆ ವಾಪಸ್ ಹೋಗಿ ಬರ್ತಿದ್ದ ಅಂದ್ಕೊಳಿ, ಅದು ಹಳೇದು. ವೈಫೈ 6ರಲ್ಲಿ ಒಂದೇ ಸುತ್ತಲ್ಲಿ ಸಾಲಲ್ಲಿರೋ ಹಲವು ಎಲೆಗೆ ಸ್ವಲ್ಪ ಸ್ವಲ್ಪ ಬಡಿಸ್ಕೊಂಡು ಹೋಗ್ತಾನೆ. ಎಲೆ ಜಾಸ್ತಿ ಇದ್ದಾಗ, ಅಂದ್ರೆ ಫೋನು, ಟಿವಿ, ಕ್ಯಾಮೆರಾ ಎಲ್ಲಾ ಸೇರಿ ಇಪ್ಪತ್ತು ಇದ್ದಾಗ ವ್ಯತ್ಯಾಸ. ಇಬ್ರೇ ಇರೋ ಮನೆಗೆ ಅಷ್ಟೇನಿಲ್ಲ. ಆದ್ರೂ ಈಗ ಹೊಸದಾಗಿ ತಗೊಳೋರು ವೈಫೈ 6ಕ್ಕಿಂತ ಕೆಳಗೆ ಹೋಗ್ಬೇಡಿ. ವೈಫೈ 7 ದೊಡ್ಡ ಹೆಸರು, ಅದರ 320 ಮೆಗಾಹರ್ಟ್ಸ್ ಅಗಲದ ರಸ್ತೆ ಇರೋದು 6 ಗಿಗಾಹರ್ಟ್ಸಲ್ಲಿ ಮಾತ್ರ, ಕಮ್ಮಿ ರೇಟಿನ ಡ್ಯುಯಲ್ ಬ್ಯಾಂಡ್ ವೈಫೈ 7 ರೂಟರುಗಳಲ್ಲಿ ಆ ಬ್ಯಾಂಡೇ ಇರಲ್ಲ. ಮನೇಲಿ ವೈಫೈ 7 ಫೋನೇ ಇಲ್ದೆ ಅದಕ್ಕೆ ಕಾಸು ಹಾಕೋದು ನಂಗಂತೂ ಅರ್ಥ ಆಗಲ್ಲ.

ಇನ್ನೊಂದು, ಯಾವ ವಿದೇಶಿ ರಿವ್ಯೂನಲ್ಲೂ ಬರಲ್ಲ: ಕರೆಂಟು. ಸ್ಪ್ಲಿಟರಿಗೆ ಕರೆಂಟ್ ಬೇಡ, ಆ ಕಡೆ ಎಕ್ಸ್‌ಚೇಂಜಲ್ಲೋ ಕೇಬಲ್ ಆಪರೇಟರ್ ಹತ್ರಾನೋ ಬ್ಯಾಕಪ್ ಇದ್ರೆ ನಿಮ್ಮ ಬೀದಿ ಕತ್ತಲಾದ್ರೂ ಫೈಬರಲ್ಲಿ ಬೆಳಕು ಬರ್ತಾನೇ ಇರತ್ತೆ. ಮನೆ ಡಬ್ಬಿಗೆ ಒಂದು ಮಿನಿ ಯುಪಿಎಸ್ ಸಾಕು. ಅದಕ್ಕೇ ರೂಟರ್ ತಗೊಳೋವಾಗ ಅಡಾಪ್ಟರ್ ಮೇಲೆ 12 ವೋಲ್ಟ್ ಇದ್ಯಾ, 9 ಇದ್ಯಾ, ಎಷ್ಟು ಆಂಪಿಯರ್ ಅಂತ ನೋಡಿ, ಓಎನ್‌ಟಿ ಮತ್ತೆ ರೂಟರ್ ಎರಡಕ್ಕೂ ಒಂದೇ ಯುಪಿಎಸ್ ಹಾಕೋದಾದ್ರೆ ಎರಡೂ 12 ಆಗಿರೋದು ಕ್ಷೇಮ, ಆಂಪಿಯರ್ ಕೂಡಿಸಿ ಲೆಕ್ಕ ಹಾಕಿ. ಸಿಡಿಲು ಅಂದ್ರೆ ಮಲೆನಾಡಿನವರಿಗೆ ಗೊತ್ತು, ಎಡಿಎಸ್ಎಲ್ ಕಾಲದಲ್ಲಿ ಮೋಡ ಗುಡುಗಿದ್ರೆ ಅಮ್ಮ ಮೊದ್ಲು ಓಡ್ತಿದ್ದಿದ್ದು ಟೆಲಿಫೋನ್ ವೈರ್ ಕೀಳೋಕೆ, ಆಮೇಲೆ ಒಣಗಿಸಿದ ಅಡಿಕೆ ಒಳಗೆ ಹಾಕೋಕೆ. ಫೈಬರಿನ ಗಾಜಲ್ಲಿ ಸಿಡಿಲು ಹರಿಯಲ್ಲ, ಆದ್ರೆ ಪ್ಲಗ್ ಮೂಲಕ ಬರತ್ತೆ, ಹೊರಗಿಂದ ತಾಮ್ರದ ಕೇಬಲ್ ಬಂದಿದ್ರೆ ಅದ್ರಲ್ಲೂ ಬರತ್ತೆ. ಪ್ಲಗ್ ಕಿತ್ತಿಡೋ ಅಭ್ಯಾಸ ಬಿಡ್ಬೇಡಿ.

ಉಳಿದಿದ್ದು ಚುಟುಕಾಗಿ: ಡಬ್ಲ್ಯುಪಿಎ3 (ವೈಫೈಯ ಹೊಸ ಬೀಗ) ಇರ್ಲಿ, ಐಪಿವಿ6 (ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ) ಇರ್ಲಿ, ಕಂಪನಿ ಆ ಮಾಡೆಲಿಗೆ ಫರ್ಮ್‌ವೇರ್, ಅಂದ್ರೆ ರೂಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಕೊಡ್ತಾ ಇದ್ಯಾ ಅವರ ಸೈಟಲ್ಲಿ ನೋಡಿ, ಎರಡು ಮೂರು ವರ್ಷದಿಂದ ಏನೂ ಬಂದಿಲ್ಲ ಅಂದ್ರೆ ಬಿಟ್ಬಿಡಿ. ಅಡ್ಮಿನ್ ಪಾಸ್‌ವರ್ಡು ಅಡ್ಮಿನ್ ಅಂತಾನೇ ಬಿಟ್ಟಿರೋರು ಇವತ್ತೇ ಬದಲಾಯಿಸಿ.

ಭಾವನ ಕಥೆ ಏನಾಯ್ತು ಅಂದ್ರೆ, ರಿಟರ್ನ್ ಟೈಮ್ ಮುಗಿದುಹೋಗಿತ್ತು. ಒಂದು ಭಾನುವಾರ ಹೋಗಿ ನೋಡಿದ್ರೆ ಕಂಪನಿ ಕೊಟ್ಟ ವೇಸ್ಟ್ ಡಬ್ಬಿ ಡ್ಯುಯಲ್ ಬ್ಯಾಂಡು, ಪೋರ್ಟು ಗಿಗಾಬಿಟ್ಟು, ಅದಕ್ಕೇನೂ ಆಗಿರ್ಲಿಲ್ಲ. ಟಿವಿ ಹಿಂದಿಂದ ತೆಗೆದು ಮೆಟ್ಟಿಲ ಹತ್ರ ಗೋಡೆಗೆ ಹಾಕಿದ್ವಿ, ಕೆಳಗಡೆ ಎಲ್ಲಾ ರೂಮಲ್ಲೂ 200 ಹತ್ರ ಬಂತು. ಟಿವಿಗೆ ಅಂತ ಬಿಟ್ಟಿದ್ದ ಖಾಲಿ ಪೈಪಲ್ಲಿ ಕೇಬಲ್ ಎಳೆದು ನಾಲ್ಕು ಆಂಟೆನಾದ್ದನ್ನ ಮೇಲಿನ ರೂಮಿಗೆ ಸಾಗಿಸಿದ್ವಿ. ಅಲ್ಲಿ ಈಗ್ಲೂ ಟೆಸ್ಟ್ ಹೊಡೆದ್ರೆ 94, ಬೆಳಿಗ್ಗೆನೂ 94, ರಾತ್ರಿನೂ 94, ಮಗಳ ಕ್ಲಾಸ್ ಒಂದ್ಸಲಾನೂ ನಿಂತಿಲ್ಲ, ಭಾವನೂ ಕಂಪ್ಲೇಂಟ್ ಮಾತೆತ್ತಿಲ್ಲ.